ಅದು ಕೇಳಾಕತ್ತದ

ಕಲಬುರಗಿಯ ಶರಣಬಸವೇಶ್ವರ ಗುಡಿಯ ಹತ್ತಿರ ಬಟ್ಟೆ ಅಂಗಡಿ ಇಟ್ಟಿರುವ ದೌಲಪ್ಪನವರಿಗೆ ಫೋನಿನ ಮೇಲೆ ಎಳ್ಳಷ್ಟೂ ನಂಬಿಕೆಯಿಲ್ಲ. ಅದನ್ನು ಬಿಟ್ಟು ಅರೆಗಳಿಗೆ ಇರುವುದೂ ಇಲ್ಲ. ಹುಟ್ಟೂರಿನವರ ‘ನಮ್ಮ ಕಮಲಾಪುರ’ ವಾಟ್ಸ್ಯಾಪ್ ಗುಂಪಿಗೆ ಅವರೇ ಅಡ್ಮಿನ್. ಯಾರಾದರೂ ಕೆಂಪು ಬಾಳೆಗೊನೆಯ ಪಕ್ಕ ನಿಂತ ಫೋಟೊ ಹಾಕಿದರೆ ಸಾಕು, “ತ್ವಾಟ ಎಲ್ಲಿ ಅದ ಅಂತ ಜಗತ್ತಿಗೇ ಗೊತ್ತಾಯ್ತು, ಮೊದಲ ಡಿಲೀಟ್ ಮಾಡ್ರಿ” ಎಂದು ಗದರುತ್ತಾರೆ. ಫೋನಿನ ಕ್ಯಾಮೆರಾಕ್ಕೆ ಹೆಂಡತಿ ಶಿವಕಾಂತಮ್ಮನ ಹಣೆಯ ಟಿಕಳಿ ಅಂಟಿಸಿದ್ದಾರೆ. ತಮ್ಮ ಹುಟ್ಟಿದ ದಿನವನ್ನು ಎಲ್ಲೂ ಹಾಕಿಲ್ಲ; ಆ ದಿನ ಒಬ್ಬರೂ ಶುಭಾಶಯ ಕಳಿಸದಿದ್ದರೆ ಗೆದ್ದೆನೆಂದುಕೊಳ್ಳುತ್ತಾರೆ. ಮನೆಯಲ್ಲಿ ಹೊಲ ಕೊಳ್ಳುವ ಮಾತೋ ಹೆಣ್ಣು ನೋಡುವ ಮಾತೋ ಬಂದರೆ, “ಸಣ್ಣಗ ಮಾತಾಡ್ರಿ, ಅದು ಕೇಳಾಕತ್ತದ” ಎನ್ನುತ್ತ ಫೋನನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿಟ್ಟು ಮುಚ್ಚುತ್ತಾರೆ. ಸೊಸೆ ಪ್ರೀತಿ ರೊಟ್ಟಿ ಬಡಿಯಲು ಕೂತಾಗ ಅದು ಹಿಟ್ಟಿನೊಳಗಿಂದಲೇ ಗುಂಯ್‌ಗುಡುತ್ತದೆ. ಈಚೆಗೆ ಅವರಿಗೆ ಮೊಣಕಾಲು ನೋವು. ಊಟಕ್ಕೆ ಕೂತಾಗಲೆಲ್ಲ ಅದನ್ನೇ ಹೇಳುತ್ತಿದ್ದರು. ಒಂದು ರಾತ್ರಿ ಮಗ ಮೌನೇಶ ತನ್ನ ಫೋನಿನಿಂದ ತಲೆ ಎತ್ತದೆಯೇ “ಹೂಂನಪ್ಪಾ” ಎಂದ. ಮರುದಿನ ದೌಲಪ್ಪನವರ ಫೋನಿನಲ್ಲಿ ಮೊಣಕಾಲಿಗೆ ಹಚ್ಚುವ ಎಣ್ಣೆಯ ಜಾಹೀರಾತು ಬಂತು. “ನಾ ಹೇಳಿದ್ದಿಲ್ಲೇನು? ಎಲ್ಲಾ ಕೇಳ್ತದ!” ಎಂದು ಮನೆಯವರಿಗೆಲ್ಲ ತೋರಿಸುತ್ತ ತಿರುಗಿದರು. ಮನೆಯ ಗುಟ್ಟು ಆಡುವಾಗ ಫೋನು ಈಗಲೂ ಡಬ್ಬಿಯಲ್ಲೇ ಇರುತ್ತದೆ. ಆದರೆ ಮಧ್ಯಾಹ್ನ ಗಿರಾಕಿಗಳಿಲ್ಲದ ಅಂಗಡಿಯಲ್ಲಿ ದೌಲಪ್ಪನವರು ಅದನ್ನು ಗಾದಿಯ ಮೇಲೆ ಎದುರಿಗಿಟ್ಟುಕೊಂಡು, ಕಾಲು ನೀವಿಕೊಳ್ಳುತ್ತ, “ಇವತ್ತ ಸೊಂಟಾನೂ ಹಿಡದದ ನೋಡಪಾ” ಎನ್ನುತ್ತಾರೆ.