ಅತ್ತೆಯ ಪಾಲಿಗೆ ಬಂದ ಪೆಟ್ಟಿಗೆ

ನಮ್ಮ ಸೋದರತ್ತೆಯ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ಹೊಳಲು ಎಂಬ ಊರಿನಲ್ಲಿ ಸೊಸೆಯಾಗಿದ್ದ ಕಾಲಕ್ಕೆ ಕಬ್ಬಿನ ಸೋಗೆ ಕೊಯ್ಯುವಾಗ ಕುಡುಗೋಲು ತಾಗಿ ಆದದ್ದಂತೆ. ಆಮೇಲೆ ಅದು ಕೂಡಿಕೊಳ್ಳಲೇ ಇಲ್ಲ. ಬೇರೆಯವರಾದರೆ ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದರೇನೋ. ಅತ್ತೆಗೆ ಅದೇ ಒರೆಗಲ್ಲು. ಮದ್ದೂರು ಸಂತೆಯಲ್ಲಿ ಹಳೇ ಸೀರೆ ಹರವಿಕೊಂಡವನ ಮುಂದೆ ಕುಕ್ಕರಗಾಲಲ್ಲಿ ಕೂತು, ಜರಿಯ ಒಂದೆಳೆಯನ್ನು ಆ ಸೀಳಿಗೆ ಸಿಕ್ಕಿಸಿ ಮೆಲ್ಲಗೆ ಜಗ್ಗುವಳು. ಮೇಲಿನ ಹೊಳಪು ಕಿತ್ತು ಒಳಗಿನ ತಾಮ್ರ ಕೆಂಪಗೆ ಕಂಡರೆ, ಸೀರೆಯನ್ನು ಹೇಗಿತ್ತೋ ಹಾಗೇ ಮಡಿಸಿ ಇಟ್ಟು ಎದ್ದುಬಿಡುವಳು. ಒಮ್ಮೆ ಅವಳು ಆರಿಸಿಕೊಂಡ ಹರಕು ಸೀರೆ ನೋಡಿ ವ್ಯಾಪಾರಿಯೇ ತಡೆಯಲಾರದೆ ಹೇಳಿದ್ದ:

“ಅಮ್ಮೋ, ಅದು ಬೆಂಕೀಗಾಕಿ ಬೆಳ್ಳಿ ತೆಗ್ಯೋ ಸೀರೆ. ಉಡಾಕೆ ಬರಾಕಿಲ್ಲ.”

“ಉಡಾಕೆ ಯಾರಪ್ಪ ಕೇಳ್ದೋರು?” ಎಂದಳು ಅತ್ತೆ. “ಅರ್ದಿದ್ದ ನೋಡಬ್ಯಾಡ, ಉಳ್ದಿದ್ದ ನೋಡು. ಮೈಯೆಲ್ಲ ಚಿಂದಿಯಾದ್ರೂ ಅಂಚು ಎಂಗದೆ ನೋಡು, ನೆನ್ನೆ ನೇಯ್ದಂಗೆ.”

ಅರ್ದಿದ್ದ ನೋಡಬ್ಯಾಡ, ಉಳ್ದಿದ್ದ ನೋಡು. ಹರಿದದ್ದನ್ನು ಬಿಟ್ಟು ಉಳಿದದ್ದನ್ನು ನೋಡು ಎನ್ನುವ ಈ ಮಾತನ್ನು ಅವಳು ಸೀರೆಗೆ ಮಾತ್ರ ಹೇಳುತ್ತಿರಲಿಲ್ಲ. ಅನ್ನ ತಳ ಹಿಡಿದರೂ ಅದೇ ಮಾತು, ಮಳೆಗೆ ಗೋಡೆ ಬಿದ್ದರೂ ಅದೇ ಮಾತು. ನನ್ನ ಅವ್ವನಿಗೆ ಕೇಳಿ ಕೇಳಿ ರೇಗುತ್ತಿತ್ತು.

ಅತ್ತೆ ನಮ್ಮ ಮನೆಗೆ ಬಂದದ್ದು ಎರಡನೇ ಮಹಾಯುದ್ಧ ಶುರುವಾಗುವ ಹಿಂದಿನ ವರ್ಷ. ಆಗ ನನಗೆ ಆರು ವರ್ಷ. ಮಾವ ಜ್ವರ ಬಂದು ತೀರಿಕೊಂಡು ವರ್ಷ ತುಂಬಿರಲಿಲ್ಲ. ಮಕ್ಕಳಿರಲಿಲ್ಲ. ಮಕ್ಕಳಿಲ್ಲದವಳಿಗೆ ಜಮೀನಿನಲ್ಲಿ ಎಂಥ ಪಾಲು ಎಂದು ಅತ್ತೆಯ ಮೈದುನ ಊರಿನ ನಾಲ್ಕು ಜನರೆದುರು ಕೇಳಿ, ಅಟ್ಟದ ಮೇಲಿದ್ದ ಒಂದು ಮರದ ಪೆಟ್ಟಿಗೆಯನ್ನು ಇಳಿಸಿ, “ಇದು ಅತ್ಗೆ ಪಾಲು” ಎಂದು ಗಾಡಿಗೆ ಹೇರಿಸಿದ್ದ.

ಆ ಪೆಟ್ಟಿಗೆಯನ್ನು ನಮ್ಮ ಪಡಸಾಲೆಯಲ್ಲಿ ತೆಗೆದದ್ದು ನನಗೆ ಚೆನ್ನಾಗಿ ನೆನಪಿದೆ. ನೆರೆಯವರೆಲ್ಲ ಬಂದು ನಿಂತಿದ್ದರು. ಜಿರಲೆ ತಿಂದ ಮೂರು ಜರಿ ಸೀರೆ, ಕಡ್ಡಿ ಮುರಿದ ಎರಡು ಕೊಡೆ, ಇಲಿ ಅರ್ಧ ಕಡಿದಿದ್ದ ಜಮಖಾನ, ಎತ್ತಿನ ಕೊರಳ ಗೆಜ್ಜೆ ಒಂದು ಹಿಡಿ, ಬೀಗದ ಕೈಯಿಲ್ಲದ ಹಿತ್ತಾಳೆ ಬೀಗ. ಅಷ್ಟೇ. ಯಾರೋ ಬಾಯಿ ಮುಚ್ಚಿಕೊಂಡು ನಕ್ಕರು. ಅವ್ವ ಸಿಟ್ಟಿನಲ್ಲಿ ಅತ್ತಳು. ಅಪ್ಪ ಅತ್ತೆಗಿಂತ ಚಿಕ್ಕವನು. ಅಕ್ಕನಿಗಾದ ಅವಮಾನಕ್ಕೆ ಅವನ ಮುಖ ಕಪ್ಪಿಟ್ಟಿತ್ತು. “ತಿಪ್ಪೇಗೆ ಸುರ್ದ್ಬುಡ್ತೀನಿ ಕಣಕ್ಕ” ಎಂದು ಪೆಟ್ಟಿಗೆಗೆ ಕೈ ಹಾಕಿದ.

“ತಡಿಯೋ ತಮ್ಮ,” ಎಂದಳು ಅತ್ತೆ. “ನಾನಿನ್ನೂ ಪೂರ್ತಿ ನೋಡಿಲ್ಲ.”

ಪೂರ್ತಿ ನೋಡಲು ಅವಳಿಗೆ ಒಂದು ತಿಂಗಳು ಹಿಡಿಯಿತು. ಕೊಡೆಯ ಕರೀ ಬಟ್ಟೆಯನ್ನು ಹೊಲಿಗೆ ಬಿಚ್ಚಿ ಒಗೆದಳು. ಜಮಖಾನದಲ್ಲಿ ಇಲಿ ಮುಟ್ಟದ ಭಾಗವನ್ನು ಕತ್ತರಿಸಿ ಚೀಲ ಹೊಲಿದಳು, ಒಳಗಡೆ ಕೊಡೆಬಟ್ಟೆ ಕೊಟ್ಟಳು, ಬಾಯಿ ಬಿಗಿಯಾಗಿ ನಿಲ್ಲಲೆಂದು ಕೊಡೆಯ ಕಡ್ಡಿಯನ್ನೇ ಬಾಗಿಸಿ ಸೇರಿಸಿದಳು. ಕೊಡೆಯ ಬೆತ್ತದ ಹಿಡಿಯೇ ಚೀಲದ ಹಿಡಿಯಾಯಿತು. ಅವ್ವ ಅದನ್ನು ಒಲ್ಲದ ಮನಸ್ಸಿನಿಂದಲೇ ಹಿಡಿದುಕೊಂಡು ವೈದ್ಯನಾಥಪುರದ ದೇವಸ್ಥಾನಕ್ಕೆ ಹೋದಳು. ಪೂಜೆ ಮುಗಿಸಿ ಬಂದವಳು ಚಪ್ಪಲಿ ಬಿಡುವ ಮುಂಚೆಯೇ ಹೇಳಿದಳು: “ಅತ್ಗೆಮ್ಮ, ದ್ಯಾವ್ರ ಯಾರೂ ನೋಡ್ನಿಲ್ಲ. ಎಲ್ಲಾರೂ ಚೀಲವೇ ನೋಡುದ್ರು.”

ಅಲ್ಲಿಂದ ಶುರು. ಯುದ್ಧ ಬಂದಮೇಲೆ ಹೊಸ ಬಟ್ಟೆಗೆ ಕ್ಯೂ ನಿಲ್ಲಬೇಕಾಯಿತು, ಹೊಸ ಜರಿಯಂತೂ ಕಣ್ಣಿಗೇ ಬೀಳುತ್ತಿರಲಿಲ್ಲ. ಆಗ ಅತ್ತೆ ಹಳೇ ಸೀರೆಯ ಅಂಚಿನಿಂದ ಮದುಮಗಳ ಸೊಂಟಪಟ್ಟಿ ಮಾಡುವುದನ್ನು ಕಂಡುಕೊಂಡಳು. ಅಂಚನ್ನು ಅಂಟುವಾಳದ ನೀರಲ್ಲಿ ತೊಳೆದು, ಒಳಗೆ ಗಟ್ಟಿ ಬಟ್ಟೆ ಕೊಟ್ಟು ಹೊಲಿದು, ಹಳೇ ಬೀಗವನ್ನೋ ದೀಪದ ಕಂಬವನ್ನೋ ಅಕ್ಕಸಾಲಿಗನ ಹತ್ತಿರ ಕೊಯ್ಯಿಸಿ ಕೊಂಡಿ ಮಾಡಿಸುವಳು. ಕೆಳಗೆ ಸಾಲಾಗಿ ಸಣ್ಣ ಗೆಜ್ಜೆ. ಹನಕೆರೆಯಿಂದ, ಮಂಡ್ಯದಿಂದ ಹೆಂಗಸರು ಹುಡುಕಿಕೊಂಡು ಬಂದರು. ತಮ್ಮನ ಮನೆಯಲ್ಲಿ ಮೂಲೆ ಹಿಡಿದು ಕೂರಬೇಕಾಗಿದ್ದವಳ ಮುಂದೆ ಪಡಸಾಲೆ ತುಂಬ ಜನ ಕೂರುವಂತಾಯಿತು.

ಎಂಟು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಅದೇ ಮೈದುನ ನಮ್ಮ ಜಗಲಿಗೆ ಬಂದ. ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಮಳೆಬೆಳೆ ಮಾತಾಡಿದ. ಅತ್ತೆ ಮಜ್ಜಿಗೆ ತಂದಿಟ್ಟಳು.

“ಮಗಳ ಮದ್ವೆ ಗೊತ್ತಾಯ್ತು ಅತ್ಗೆ, ಮಳವಳ್ಳಿ ಕಡೇರು,” ಎಂದ ಕೊನೆಗೆ. “ಬೀಗಿತ್ತಿ ಮಂಡ್ಯದಲ್ಲಿ ಯಾವ್ದೋ ಮದ್ವೇಲಿ ನೀವ್ ಮಾಡಿದ್ ಸೊಂಟಪಟ್ಟಿ ನೋಡವ್ರಂತೆ. ನಮ್ ಸೊಸೆಗೂ ಅಂತದ್ದೇ ಬೇಕು ಅಂತ ಅಟ ಇಡ್ದವ್ರೆ. ಏನ್ ಕೊಡ್ಬೇಕೋ ಯೋಳಿ.”

“ದುಡ್ಡು ಬ್ಯಾಡ,” ಎಂದಳು ಅತ್ತೆ. “ಪಟ್ಟಿನ ನಾನೇ ತತ್ತೀನಿ. ಮುಂಬಾಗ್ಲಲ್ಲಿ ಬತ್ತೀನಿ. ಮಗೀನ ಸೊಂಟಕ್ಕೆ ನಾನೇ ಕಟ್ತೀನಿ.”

ಅವನು ತಲೆ ಎತ್ತಲಿಲ್ಲ. “ಅದೆಂಗಾದದು ಅತ್ಗೆ? ಅದ ಮುತ್ತೈದೇರು ಕಟ್ಬೇಕು. ನಾಳೆ ನಾಕು ಜನ ಏನಂದಾರು?”

“ಅದು ಕೂಸಾಗಿದ್ದಾಗ ಎಣ್ಣೆ ಅಚ್ಚಿ ನೀರು ಉಯ್ದಿದ್ದು ಇದೇ ಕೈ ಕಣಪ್ಪ. ಆಗ ನಾಕು ಜನ ಏನೂ ಅನ್ನಿಲ್ಲ.”

ಮಜ್ಜಿಗೆ ಮುಟ್ಟದೆ ಅವನು ಎದ್ದುಹೋದ. ಅತ್ತೆ ಅಂದೇ ಸಂಜೆ ಪೆಟ್ಟಿಗೆಯ ತಳದಲ್ಲಿ ಯಾರಿಗೂ ಕೊಡದೆ ಉಳಿಸಿಕೊಂಡಿದ್ದ ಕೊನೆಯ ಸೀರೆಯನ್ನು ತೆಗೆದಳು. ಹೊಳಲಿನ ಆ ಸೀರೆಯ ಅಂಚಿನಲ್ಲಿ ಗಿಳಿಸಾಲು ಇತ್ತು.

“ಅವನು ಒಪ್ಪಲೇ ಇಲ್ಲವಲ್ಲಕ್ಕ, ಯಾಕ್ ಮಾಡೀಯೆ?” ಎಂದ ಅಪ್ಪ.

“ಅವನು ಒಪ್ನಿಲ್ಲ. ಮಗಳ್ನ ಇನ್ನೂ ಯಾರೂ ಕೇಳಿಲ್ಲವಲ್ಲ.”

ಮದುವೆಗೆ ನಮಗೂ ಕರೆಯ ವೀಳ್ಯ ಬಂದಿತ್ತು. ಬೆಳಗ್ಗೆಯೇ ಗಾಡಿ ಕಟ್ಟಿ ಹೊಳಲಿಗೆ ಹೋದೆವು. ಅತ್ತೆ ಬಿಳೀ ಸೀರೆ ಉಟ್ಟು, ಪಟ್ಟಿಯನ್ನು ಬಾಳೆಲೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದಳು. ಗಾಡಿ ಇಳಿದವಳೇ ಚಪ್ಪರದ ಕೆಳಗೆ ನಡೆದು ಮುಂಬಾಗಿಲ ಮುಂದೆ ನಿಂತಳು. ಆ ಮನೆಯ ಮುದುಕಿಯೊಬ್ಬಳು ಹೊಸ್ತಿಲಿಗೆ ಅಡ್ಡ ಬಂದು, “ಇತ್ಲಾಗಿಂದ ಬಾರವ್ವ” ಎಂದು ಹಿತ್ತಿಲ ಕಡೆ ಕೈ ತೋರಿಸಿದಳು.

ಅತ್ತೆ ಹಿತ್ತಿಲಿಗೆ ಹೋಗಲಿಲ್ಲ, ಜಗಳವನ್ನೂ ಆಡಲಿಲ್ಲ. ಜಗಲಿಯ ಮೇಲೆ ಕೂತಳು. ನಾನು ಅವಳ ಪಕ್ಕ ಕೂತೆ. ಓಲಗದವರು ನುಡಿಸುವುದನ್ನು ನಿಲ್ಲಿಸಿ ನೋಡತೊಡಗಿದರು. ಒಳಗೆ ಗುಸುಗುಸು ಆಯಿತು. ಗಂಡಿನ ಕಡೆಯವರು ಹೆಣ್ಣೆಲ್ಲಿ, ಮುಹೂರ್ತ ಹತ್ತಿರ ಬಂತು ಎನ್ನುತ್ತಿದ್ದರು. ಮೈದುನ ಒಳಗೂ ಹೊರಗೂ ಓಡಾಡಿದ, ಅತ್ತೆಯ ಕಡೆ ಮಾತ್ರ ನೋಡಲಿಲ್ಲ. ನನಗೆ ಹೆದರಿಕೆಯಾಗಿ, “ಅತ್ತೆ, ಓಗ್ಬುಡಣ” ಎಂದೆ. ಅವಳು ನನ್ನ ಕೈಯನ್ನು ಹಿಡಿದುಕೊಂಡಳಷ್ಟೆ. ಅವಳ ಅಂಗೈ ತಣ್ಣಗಿತ್ತು; ಅವಳಿಗೂ ಹೆದರಿಕೆಯಿತ್ತೆಂದು ಆಗ ಗೊತ್ತಾಯಿತು.

ಆಗ ಹೊಸ್ತಿಲಿನ ಮುದುಕಿಯನ್ನು ಪಕ್ಕಕ್ಕೆ ಸರಿಸಿ ಮದುಮಗಳೇ ಹೊರಗೆ ಬಂದಳು. ಬಾಸಿಂಗ ಕಟ್ಟಿದ್ದರು, ಕೆನ್ನೆಗೆ ಅರಿಶಿನ ಬಳಿದಿದ್ದರು. ಹಾಗೆ ಹೆಣ್ಣು ಚಪ್ಪರಕ್ಕೆ ಬರುವ ಪದ್ಧತಿಯೇ ಇರಲಿಲ್ಲ. ಅತ್ತೆಯ ಮುಂದೆ ನಿಂತು ಎರಡೂ ತೋಳನ್ನು ಮೇಲೆತ್ತಿದಳು.

“ಕಟ್ಟು ದೊಡ್ಡವ್ವ,” ಎಂದಳು. “ನೀನು ಕಟ್ಟದಿದ್ರೆ ನಾನು ಅಸೆಮಣೆಗೆ ಓಗಾಕಿಲ್ಲ.”

ಅತ್ತೆ ಎದ್ದಳು. ಬಾಳೆಲೆ ಬಿಚ್ಚಿ, ಇಡೀ ಚಪ್ಪರ ನೋಡುತ್ತಿದ್ದ ಹಾಗೆ ಪಟ್ಟಿಯನ್ನು ಅವಳ ಸೊಂಟಕ್ಕೆ ಸುತ್ತಿ ಕೊಂಡಿ ಹಾಕಿದಳು. ಗೆಜ್ಜೆ ಸಣ್ಣಗೆ ಸದ್ದು ಮಾಡಿದವು. ಹುಡುಗಿ ಬಗ್ಗಿ ಅವಳ ಕಾಲು ಮುಟ್ಟಿದಳು. ಮಳವಳ್ಳಿಯ ಬೀಗಿತ್ತಿ ಹತ್ತಿರ ಬಂದು, ಕೂತು, ಗಿಳಿಸಾಲನ್ನು ಬೆರಳಲ್ಲಿ ಸವರಿ ನೋಡಿದರು. ಎಂಥ ಮಾತು ಬೀಳುತ್ತದೋ ಎಂದು ನಾನು ಅವರ ಬಾಯನ್ನೇ ನೋಡುತ್ತಿದ್ದೆ.

“ನೀವೇನವ್ವ ಇದ ಮಾಡ್ದೋರು? ನಮ್ಮನೇಲಿ ಇನ್ನೊಂದು ಎಣ್ಣು ಅದೆ. ಅವಳ ಮದ್ವೆಗೂ ನೀವೇ ಬಂದು ಕಟ್ಬೇಕು. ಇಂತಾ ಅಂಚು ಈಗ ಎಲ್ಲಿ ಸಿಕ್ಕುದು?”

“ನನ್ ಮೈದ್ನ ಕೊಟ್ಟ ಪಾಲು ಕಣವ್ವ,” ಎಂದಳು ಅತ್ತೆ. “ಅಟ್ಟದಿಂದ ಇಳ್ಸಿ ಕೊಟ್ಟಿದ್ದ.”

ಅದರಲ್ಲಿ ಕುಹಕವಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಅಷ್ಟೆ. ಮೈದುನ ಕಂಬ ಹಿಡಿದುಕೊಂಡು ನಿಂತಿದ್ದ. ಆಮೇಲೆ ಅವನೇ ಮುಂದೆ ಬಂದು, “ಒಳಕ್ ಬನ್ನಿ ಅತ್ಗೆ” ಎಂದ. ಮುಂಬಾಗಿಲಿನಿಂದ ಅತ್ತೆ ಒಳಗೆ ಹೋದಳು. ಊಟಕ್ಕೆ ಅವಳ ಎಲೆಗೆ ಪಾಯಸ ಬಡಿಸಿದವನೂ ಅವನೇ.

ಆ ಮದುವೆಯ ನಂತರ ನಮ್ಮ ಮನೆಯಲ್ಲಿ ಅತ್ತೆಯ ಮಾತಿಗೆ ಬೇರೆಯದೇ ತೂಕ ಬಂತು. ಮರುವರ್ಷ, ಅದು ಸ್ವಾತಂತ್ರ್ಯ ಬಂದ ವರ್ಷ, ನನಗೆ ಗಂಡು ನೋಡುವ ಮಾತು ಎದ್ದಾಗ ಆ ತೂಕ ಒದಗಿದ್ದು ನನಗೆ. “ಅವಳು ಓದ್ಲಿ” ಎಂದಳು ಅತ್ತೆ, ಇಷ್ಟೇ ಮಾತು. ಅಪ್ಪ ಒಂದು ದಿನ ಯೋಚಿಸಿ ಹೇಳಿದ: “ಅಂಗಾರೆ ನೀನೇ ಸೇರಿಸ್ಕಂಡು ಬಾ ಅಕ್ಕ. ಪೋಷಕರು ಅಂತ ನಿನ್ನೆಸರೇ ಇರ್ಲಿ.”

ಇಬ್ಬರೂ ರೈಲಿನಲ್ಲಿ ಮಂಡ್ಯಕ್ಕೆ ಹೋದೆವು. ಹೈಸ್ಕೂಲಿನ ಗುಮಾಸ್ತರು ದೊಡ್ಡ ರಿಜಿಸ್ಟರು ತೆಗೆದು ಪೋಷಕರ ಹೆಸರು ಬರೆದುಕೊಂಡರು. ಮುಂದಿನ ಕಲಂ ಕಸುಬು. ಅವರು ಅತ್ತೆಯ ಬರಿ ಹಣೆ, ಬಿಳೀ ಸೀರೆ ನೋಡಿ, ಕೇಳದೆಯೇ “ವಿಧವೆ” ಎಂದು ಗೊಣಗುತ್ತ ಲೇಖನಿ ಅದ್ದಿದರು.

“ಸ್ವಾಮಿ, ಅಲ್ಲಿ ಕೇಳಿರೋದೇನು?” ಎಂದಳು ಅತ್ತೆ.

“ಕಸುಬು.”

“ಮತ್ತೆ ಅದ ಬರ್ಕಳಿ. ಹಳೇದ್ರಲ್ಲಿ ಒಸಾದು ಮಾಡ್ತೀನಿ. ಚೀಲ, ಸೊಂಟಪಟ್ಟಿ. ಮದ್ದೂರಿಂದ ಮಳವಳ್ಳಿಗಂಟ ಯಾರ ಕೇಳಿದ್ರೂ ಯೋಳ್ತರೆ.”

ಗುಮಾಸ್ತರು ಲೇಖನಿ ಹಿಡಿದು ಅವಳನ್ನೇ ನೋಡಿದರು. ಆಮೇಲೆ ದುಂಡಗಿನ ಅಕ್ಷರದಲ್ಲಿ ‘ಕೈಕಸುಬು’ ಎಂದು ಬರೆದರು. ಅಕ್ಷರ ಬಾರದ ಅತ್ತೆ, “ಏನ್ ಬರೆದ್ರು, ಓದು” ಎಂದು ನನ್ನಿಂದ ಎರಡು ಸಲ ಓದಿಸಿದಳು.

ಅವಳು ತೀರಿಕೊಂಡು ಬಹಳ ವರ್ಷಗಳಾದವು. ನಾನು ಟೀಚರಾಗಿ ಮೂರು ಊರುಗಳ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತಳಾದೆ. ಪ್ರತಿ ಜೂನ್ ತಿಂಗಳಲ್ಲಿ ಮಕ್ಕಳನ್ನು ಸೇರಿಸಿಕೊಳ್ಳುವಾಗ ತಂದೆಯ ಕಸುಬು ಬರೆದ ಮೇಲೆ, ರಿಜಿಸ್ಟರಿನಲ್ಲಿ ಅದಕ್ಕೆ ಜಾಗವಿಲ್ಲದಿದ್ದರೂ, ಬಾಗಿಲ ಬಳಿ ಸೆರಗು ಹಿಡಿದು ನಿಂತ ತಾಯಿಯನ್ನು ಕರೆದು ಕೂರಿಸಿ, “ನೀವೇನು ಮಾಡ್ತೀರಮ್ಮ?” ಎಂದು ಕೇಳದೆ ನಾನು ಒಂದು ಮಗುವಿನ ದಾಖಲಾತಿಯನ್ನೂ ಮುಗಿಸಲಿಲ್ಲ.