ಮಂಡಕ್ಕಿ ಅಮೀರ್ ಜಾನನ ಹಾರ್ನು

ಸುಗ್ರಾಬಿಗೆ ದಿನಕ್ಕೆ ನಾಲ್ಕು ಜನರನ್ನು ಪ್ರಶ್ನೆ ಕೇಳಿ ಕಾಡದಿದ್ದರೆ ಉಂಡ ಅನ್ನ ಅರಗುತ್ತಿರಲಿಲ್ಲ. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಅವಳ ಕೆಲಸ. ಗಂಡ ಅಮೀರ್ ಜಾನ್ ಮಾತ್ರ ಬಾಯಿ ಬಿಟ್ಟರೆ ಮುತ್ತು ಉದುರೀತು ಎನ್ನುವ ಆಸಾಮಿ. ಸೈಕಲ್ಲಿಗೆ ಮಂಡಕ್ಕಿ ಚೀಲ ಕಟ್ಟಿಕೊಂಡು ಹಳ್ಳಿ ಸುತ್ತುತ್ತಿದ್ದ. ಇತ್ತೀಚೆಗೆ ಮನೆಗೆ ಬರುವುದು ತಡವಾಗುತ್ತಿತ್ತು. "ಯಾಕ?" ಎಂದರೆ "ಎದುರುಗಾಳಿ ಐತೆ" ಎನ್ನುತ್ತಿದ್ದ. ಬೇಸಿಗೆಯಲ್ಲಿ ಒಂದು ದಿನ ಹೋದವನು ಬರಲೇ ಇಲ್ಲ.

ಅವನ ಸುಳಿವು ಕೇಳುತ್ತ, ಆ ಮನೆಗೆ ಆಸರೆಯಾಗಿ ಒಂದಿಷ್ಟು ಹಣವನ್ನೂ ಕೂಡಿಸಲೆಂದು ಎಸ್.ಎಸ್. ಬಡಾವಣೆಯ ಸೈಕಲ್ ಬಳಗದವರು ಕೊಂಡಜ್ಜಿ ಮೇಲೆ ಹಾದು ಹರಿಹರದವರೆಗೆ ಸವಾರಿ ಇಟ್ಟುಕೊಂಡರು. ಹೊರಡುವ ಹೊತ್ತಿಗೆ ಬ್ಯಾನರ್ ಬಿಚ್ಚಿದರು ನೋಡಿ, ಸುಗ್ರಾಬಿ ಹಣೆ ಚಚ್ಚಿಕೊಂಡಳು. ಅದರಲ್ಲಿದ್ದದ್ದು ಮದುವೆಯ ಕಾಲದ ಸ್ಟುಡಿಯೋ ಫೋಟೋ: ಬಾಡಿಗೆ ಕೋಟು, ಟೈ, ಪೌಡರು. ನಾಲ್ಕು ಜನ ನೋಡುವಾಗ ಗಂಡ ಲಕ್ಷಣವಾಗಿರಲಿ ಎಂದು ಕೊಟ್ಟವಳೂ ಅವಳೇ!

"ಅಯ್ಯೋ ಅಣ್ಣಾ, ಈ ಸಾಹೇಬನ್ನ ಯಾರು ಕಂಡಾರ್ರಿ?" ಎಂದಳು ಬಳಗದ ಮುಂದಾಳು ನಾಗಭೂಷಣ್‌ಗೆ. "ಹಳ್ಳೀಲಿ ಅವರ ಮುಖ ಯಾರೂ ನೋಡಲ್ಲ. ಹಾರ್ನ್ ಕೇಳಿ ಬುಟ್ಟಿ ಹಿಡ್ಕೊಂಡು ಬರ್ತಾರೆ ಅಷ್ಟೆ."

ಮನೆಗೆ ಓಡಿ, ಅವನ ಹಳೆಯ ರಬ್ಬರ್ ಹಾರ್ನು ತಂದು, ಹಿಂದೆ ಬರುವ ಆಟೋ ಏರಿದಳು. ದಾರಿಯುದ್ದಕ್ಕೂ ಅವನಂತೆಯೇ ಒತ್ತಿದಳು: ಎರಡು ಗಿಡ್ಡ, ಒಂದು ಉದ್ದ. ನಡುವೆ ನಾಗಭೂಷಣನ ಸೈಕಲ್ ಚಡ್ಡಿಯ ದಪ್ಪ ಮೆತ್ತೆ ಕಂಡು ಸುಮ್ಮನಿರಲಾರದೆ, "ನಿಮ್ಮ ಚಡ್ಡಿಯೊಳಗೆ ದಿಂಬು ಯಾಕ್ರಿ ಇಟ್ಟಾರೆ?" ಎಂದು ಕೇಳಿದಳು. ಪಾಪ, ನಾಗಭೂಷಣ್ ಪೆಡಲ್ ಜೋರು ಮಾಡಿದ.

ಕೊಂಡಜ್ಜಿಯಲ್ಲಿ ಹಾರ್ನು ಕೂಗಿದ್ದೇ ತಡ, ಬಾಗಿಲುಗಳು ತೆರೆದವು. ಎಲ್ಲರಿಗಿಂತ ಮುಂದೆ ಬುಟ್ಟಿ ಹಿಡಿದು ಬಂದವಳು ನಿರ್ಮಲಮ್ಮ. "ಎಲ್ಲಿಗೆ ಹೋಗಿದ್ಯೋ ಮಾರಾಯಾ, ಇಷ್ಟು ದಿನ!" ಎಂದವಳು ಆಟೋದಲ್ಲಿ ಹೆಂಗಸನ್ನು ಕಂಡು ನಿಂತಳು.

ಸುಗ್ರಾಬಿ ನಡೆದದ್ದನ್ನೆಲ್ಲ ಹೇಳಿದಳು. ನಿರ್ಮಲಮ್ಮನ ಮುಖ ಬಿಳಿಚಿಕೊಂಡಿತು.

"ಕಡೇ ಸಲ ಬಂದಾಗ, 'ದಾವಣಗೆರೆಗೆ ಹೆಂಗೆ ಹೋಗ್ಬೇಕವ್ವಾ' ಅಂತ ಕೇಳಿದ. ವರ್ಷಗಟ್ಟಲೆ ಬರೋ ಮನುಷ್ಯ! ತಮಾಷೆ ಮಾಡ್ತಾನೆ ಅಂದ್ಕೊಂಡು ನಾನೂ ಹರಪನಹಳ್ಳಿ ಕಡೆ ಕೈ ತೋರಿಸ್ದೆ. ನಗಲೇ ಇಲ್ಲ ಕಣವ್ವಾ. 'ದೇವರು ಒಳ್ಳೇದು ಮಾಡ್ಲಿ' ಅಂದು ಹಂಗೇ ಹೋದ."

ಎದುರುಗಾಳಿಯೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಅವನಿಗೆ ದಾರಿ ಮರೆಯುತ್ತಿತ್ತು. ಊರಿಗೆಲ್ಲ ಪ್ರಶ್ನೆ ಕೇಳುವ ಸುಗ್ರಾಬಿ ಮನೆಯೊಳಗೆ ಎರಡನೆಯ ಪ್ರಶ್ನೆ ಕೇಳಿರಲಿಲ್ಲ. ಅವಳು ನಿರ್ಮಲಮ್ಮನ ಕೈ ಹಿಡಿದಳು.

"ಅಳಬ್ಯಾಡ್ರಿ. ಯಾವ ಕಡೆ ಹೋದ್ರು ಅಂತ ಈಗ ಗೊತ್ತಾತಲ್ಲ."

ಹರಿಹರದಲ್ಲಿ ಹಾರ, ಮೈಕು, ಭಾಷಣ ಕಾದಿದ್ದವು. ನಾಗಭೂಷಣ್ ಒಂದು ಕ್ಷಣ ಹರಿಹರದ ದಾರಿಯತ್ತ ನೋಡಿ, ಸೈಕಲ್ಲನ್ನು ಹರಪನಹಳ್ಳಿ ರಸ್ತೆಗೆ ತಿರುಗಿಸಿದ. ಉಳಿದವರೂ ತಿರುಗಿಸಿದರು. ಸುಗ್ರಾಬಿ ಹಾರ್ನು ಒತ್ತಿದಳು, ಎರಡು ಗಿಡ್ಡ, ಒಂದು ಉದ್ದ. ನಿರ್ಮಲಮ್ಮ ಖಾಲಿ ಬುಟ್ಟಿ ಹಿಡಿದುಕೊಂಡೇ ಆಟೋ ಹತ್ತಿದಳು.