ಟೇಪು ಮುಟ್ಟದ ಟೇಲರ್

ಈ ಕಥೆಯನ್ನು ಟೇಲರ್ ಮಾಸ್ಟರ್ ತಾನೇ ತನ್ನ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಾನೆ. ಅಳತೆ ಕೊಡಲು ಕನ್ನಡಿಯ ಮುಂದೆ ಎರಡೂ ಕೈ ಚಾಚಿ ನಿಂತವನು ಓಡಿಹೋಗುವ ಹಾಗಿಲ್ಲವಲ್ಲ, ಕೇಳಲೇಬೇಕು. "ನನ್ನ ಮಾನ ನಾನೇ ಕಳ್ಕೋಬೇಕು ಸ್ವಾಮಿ. ಬೇರೆಯವರ ಕೈಗೆ ಕೊಟ್ರೆ ಆ ಕೆಲಸ ನೀಟಾಗಿ ಆಗಲ್ಲ" ಎಂದು ಶುರು ಮಾಡುತ್ತಾನೆ. ಹೇಳುತ್ತಲೇ ಒಂದು ಸಲ ಎದೆ ಅಳೆಯುತ್ತಾನೆ, ಬರೆದುಕೊಳ್ಳುತ್ತಾನೆ, ಮತ್ತೆ ಎರಡನೇ ಸಲ ಅಳೆಯುತ್ತಾನೆ. ಹಳೆಯ ಗಿರಾಕಿಗಳಿಗೆ ಇದನ್ನು ನೋಡಿದರೇ ನಗು.

ಯಾಕೆಂದರೆ ಇಪ್ಪತ್ತು ವರ್ಷ ಈ ಮಹಾಶಯ ಯಾರ ಮೈಗೂ ಟೇಪು ಮುಟ್ಟಿಸಿದವನಲ್ಲ. ಬಾಗಿಲಲ್ಲಿ ಗಿರಾಕಿ ಕಾಣಿಸಿಕೊಂಡರೆ ಸಾಕು, ಮೆಷಿನ್ನಿನ ಮುಂದಿನಿಂದ ಏಳದೆ, ಕನ್ನಡಕದ ಮೇಲಿಂದ ಒಂದು ನೋಟ ಬಿಟ್ಟು, "ಎದೆ ನಲವತ್ತು, ಸೊಂಟ ಮೂವತ್ತೆಂಟು. ಹೋದ ವರ್ಷ ಮೂವತ್ತಾರಿತ್ತು. ಮನೇಲಿ ಚೆನ್ನಾಗಿ ನೋಡ್ಕೋತಿದಾರೆ" ಎಂದುಬಿಡುತ್ತಿದ್ದ. ಹೀಗೆ ಹೇಳಿ ಹೆಡ್‌ಮಾಸ್ಟರರ ಹೆಂಡತಿಯನ್ನು ಶಾಶ್ವತವಾಗಿ ಕಳೆದುಕೊಂಡ. ಆದರೂ ಬುದ್ಧಿ ಬರಲಿಲ್ಲ. 'ಟೇಪು ಮುಟ್ಟದ ಟೇಲರ್' ಎಂದು ಜನ ಕರೆದರೆ ಅವನಿಗೆ ಎರಡಡಿ ಉದ್ದವಾದಂತೆ ಆಗುತ್ತಿತ್ತು. ಟೇಪು ಮಾತ್ರ ಕೊರಳಲ್ಲಿ ಹಾರದ ಹಾಗೆ ಇಪ್ಪತ್ತನಾಲ್ಕು ಗಂಟೆ ನೇತಾಡುತ್ತಿತ್ತು. "ಅದನ್ನ ಆ ಕಡೆಯಿಂದ ಈ ಕಡೆಗೆ ಕಟ್ರಿ, ಕರ್ಚೀಫಾದ್ರೂ ಒಣಗಿಸ್ತೀನಿ" ಎನ್ನುತ್ತಿದ್ದಳು ಹೆಂಡತಿ. ಇನ್ನೊಂದು ಮಾತು: ಊರಿಗೆಲ್ಲ ಕಣ್ಣಳತೆ ಹೇಳುವ ಈ ಗಂಡಸಿನ ಸ್ವಂತ ಪ್ಯಾಂಟು ಯಾವಾಗಲೂ ಎರಡು ಬೆರಳು ಗಿಡ್ಡ. ಆ ಮಾತನ್ನು ಯಾರಾದರೂ ಎತ್ತಿದರೆ, "ಇದು ಫ್ಯಾಷನ್ನು" ಎನ್ನುತ್ತಿದ್ದ.

ಅವನ ಊರಿನ ಚಳಿ ಅಂದರೆ ಬೆರಳಿಗೆ ಸೂಜಿ ಚುಚ್ಚಿದರೂ ಗೊತ್ತಾಗದ ಚಳಿ. ನಲ್ಲಿಯ ನೀರು ಗಟ್ಟಿಯಾಗುವ ಕಾಲಕ್ಕೆ ಅಂಗಡಿಯ ಷಟರ್ ಎಳೆದು, 'ಬಿಸಿಲಿಗೆ ಹೋಗಿದ್ದೇವೆ' ಎಂದು ಬೋರ್ಡು ತಗುಲಿಸಿ, ಗಂಡ ಹೆಂಡತಿ ದಕ್ಷಿಣದ ರೈಲು ಹತ್ತುತ್ತಿದ್ದರು. ಅಲ್ಲಿ ಸಮುದ್ರದ ಹತ್ತಿರ ಹತ್ತು ದಿನಕ್ಕೆ ಒಂದು ಬಾಡಿಗೆ ಮನೆ. ಬೇರೊಂದು ಊರಿನಿಂದ ಅವನ ಅಕ್ಕ, ಭಾವ, ಅಕ್ಕನ ಮಗಳು ಬಂದು ಸೇರುತ್ತಿದ್ದರು. ಎರಡು ರೂಮು, ಐದು ಜನ, ಒಂದೇ ಬಚ್ಚಲು.

ಭಾವ ರೈಲ್ವೆ ಗಾರ್ಡ್ ಆಗಿ ರಿಟೈರ್ ಆದವರು. ರೈಲು ಅವರನ್ನು ಬಿಟ್ಟಿತ್ತು, ಅವರು ರೈಲನ್ನು ಬಿಟ್ಟಿರಲಿಲ್ಲ. ಬಚ್ಚಲ ಬಾಗಿಲಿಗೆ ಟೈಮ್ ಟೇಬಲ್ ಅಂಟಿಸುತ್ತಿದ್ದರು: ಮಾಸ್ಟರ್ ಏಳು ಹತ್ತರಿಂದ ಏಳು ಇಪ್ಪತ್ತೆರಡು. ಇಪ್ಪತ್ತಮೂರಾದರೆ ಹೊರಗಿನಿಂದ ಸೀಟಿ. ಸೋಪು ಹಚ್ಚಿಕೊಂಡ ತಲೆಯಲ್ಲೇ ನಮ್ಮ ಟೇಲರ್ ಎಷ್ಟೋ ಸಲ ಓಡಿ ಬಂದದ್ದುಂಟು. ಸಾಮಾನಿಗೂ ಅವರದು ಲಿಸ್ಟು. ಯಾವ ಪೆಟ್ಟಿಗೆಯಲ್ಲಿ ಏನೇನಿದೆ ಎಂದು ನಂಬರ್ ಹಾಕಿ ಬರೆದು, ಜೇಬಿನಲ್ಲಿಟ್ಟುಕೊಂಡೇ ತಿರುಗುತ್ತಿದ್ದರು.

ಈ ಹತ್ತು ದಿನಗಳ ನಡುವೆಯೇ ಅಕ್ಕನ ಹುಟ್ಟಿದ ಹಬ್ಬ. ರಜೆ ಅಂತ ಹೆಸರು, ಎಲ್ಲರೂ ಬರುತ್ತಿದ್ದದ್ದು ಅದಕ್ಕೇ. ಅಕ್ಕ ಅವನಿಗಿಂತ ಹದಿನಾಲ್ಕು ವರ್ಷಕ್ಕೆ ದೊಡ್ಡವಳು. ಅಮ್ಮ ಮಿಲ್ಲಿಗೆ ಹೋದಾಗ ಇವನನ್ನು ಮಡಿಲಲ್ಲಿ ಹಾಕಿಕೊಂಡು ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದವಳು; ಸೂಜಿ ಹಿಡಿಯುವುದನ್ನು ಕಲಿಸಿದವಳೂ ಅವಳೇ. ಅವಳ ಕೈಹೊಲಿಗೆಗೆ ಒಂದು ಕ್ರಮವಿತ್ತು. ನಾಲ್ಕು ಹೊಲಿಗೆ ಮುಂದೆ ಹಾಕಿ, ಐದನೆಯದನ್ನು ಹಿಂದಕ್ಕೆ ಹಾಕುತ್ತಿದ್ದಳು. "ದಾರ ಒಂದು ಕಡೆ ಕಿತ್ರೂ ಪೂರ್ತಿ ಬಿಚ್ಕೋಬಾರ್ದು ಕಣೋ" ಎನ್ನುತ್ತಿದ್ದಳು. ಅವನು ಟೇಲರ್ ಆದಮೇಲೆ, ಇದಕ್ಕೆಲ್ಲ ಟೈಮೆಲ್ಲಿದೆ ಎಂದು ಆ ಪದ್ಧತಿ ಬಿಟ್ಟ. ಬೇರೆ ಯಾವ ಟೇಲರೂ ಹಾಗೆ ಹೊಲಿದದ್ದನ್ನು ಅವನು ಕಂಡಿಲ್ಲ.

ಅಕ್ಕನ ಹುಟ್ಟಿದ ಹಬ್ಬಕ್ಕೆ ಅವನು ಪ್ರತಿವರ್ಷ ಒಂದು ತೆಳು ಕೋಟು ಹೊಲಿದು, ಹದಿನೈದು ದಿನ ಮುಂಚೆ ಪಾರ್ಸೆಲ್ ಮಾಡುತ್ತಿದ್ದ. ಆ ದಿನ ಅವಳು ಅದನ್ನು ಹಾಕಿಕೊಂಡು ಬಂದರೆ ಭುಜ ಭುಜಕ್ಕೆ, ತೋಳು ಮಣಿಕಟ್ಟಿಗೆ ಅಚ್ಚುಕಟ್ಟಾಗಿ ಕೂತಿರುತ್ತಿತ್ತು. ಆಗ ಭಾವ ಸೀಟಿ ಊದಿ, "ಟೇಪು ಮುಟ್ಟದ ಟೇಲರ್‌ಗೆ!" ಎಂದು ಗ್ಲಾಸು ಎತ್ತುತ್ತಿದ್ದರು. ಇವನು ಎದ್ದು ನಿಂತು, "ವರ್ಷಕ್ಕೊಂದು ಸಲ ನೋಡೋದು, ಅಷ್ಟೇ. ಕಣ್ಣಲ್ಲಿ ಬರ್ಕೊಂಡ್ಬಿಡ್ತೀನಿ" ಎಂದು ಜಂಬ ಕೊಚ್ಚುತ್ತಿದ್ದ. ವರ್ಷವಿಡೀ ಗಿರಾಕಿಗಳಿಂದ ಬೈಸಿಕೊಂಡದ್ದೆಲ್ಲ ಆ ಎರಡು ನಿಮಿಷದಲ್ಲಿ ಮರೆತುಹೋಗುತ್ತಿತ್ತು.

ಆ ವರ್ಷ ಅಕ್ಕನಿಗೆ ಎಪ್ಪತ್ತೈದು. ಅವನು ಆಕಾಶನೀಲಿ ಬಟ್ಟೆ ಹುಡುಕಿ ತಂದು, ಬಟನ್ನಿಗಾಗಿ ಮೂರು ಅಂಗಡಿ ಅಲೆದು, ಲೈನಿಂಗನ್ನು ಎರಡು ಸಲ ಬಿಚ್ಚಿ ಹೊಲಿದಿದ್ದ. ಇಷ್ಟು ಮುತುವರ್ಜಿಯಿಂದ ಅವನು ತನ್ನ ಮದುವೆಯ ಕೋಟನ್ನೂ ಹೊಲಿದುಕೊಂಡಿರಲಿಲ್ಲ.

ಹಬ್ಬದ ದಿನ ಬೆಳಗ್ಗೆ ಒಂಬತ್ತಕ್ಕೆ ಎಲ್ಲರೂ ಅಡುಗೆಮನೆಯ ಮೇಜಿನ ಸುತ್ತ ಕಾಫಿ ಕುಡಿಯುತ್ತಿದ್ದರು. ಮಧ್ಯಾಹ್ನ ಒಂದು ಗಂಟೆಗೆ ಊಟ, ಕೇಕು, ಫೋಟೊ. ಅಕ್ಕ ರೂಮಿನಿಂದ ಹೊರಗೆ ಬಂದಳು. ಹಾಕಿಕೊಂಡಿದ್ದದ್ದು ಹೋದ ವರ್ಷದ ಕಂದು ಕೋಟು.

"ನೀಲಿದು ಎಲ್ಲಿ?" ಎಂದ ಟೇಲರ್.

"ಅಯ್ಯೋ, ಬರೋ ಗಡಿಬಿಡೀಲಿ ಮನೇಲೇ ಮರ್ತು ಬಂದೆ ಕಣೋ."

"ಮರ್ತು ಬಂದ್ಯಾ?" ಭಾವ ಜೇಬಿನಿಂದ ಲಿಸ್ಟು ತೆಗೆದರು. ಅವರ ಲಿಸ್ಟಿಗೆ ಅವಮಾನವಾದರೆ ಅವರು ತಡೆದುಕೊಳ್ಳುವವರಲ್ಲ. "ಪೆಟ್ಟಿಗೆ ನಂಬರ್ ಎರಡು. ಐಟಂ ಹನ್ನೊಂದು. ಕೋಟು, ನೀಲಿ, ಒಂದು. ನಾನೇ ಟಿಕ್ ಹಾಕಿದೀನಿ."

ಅಕ್ಕ ಗಂಡನ ಕಡೆ ನೋಡಿದ ನೋಟಕ್ಕೆ ಬೇರೆ ಯಾರಾದರೂ ಆಗಿದ್ದರೆ ಲಿಸ್ಟನ್ನು ನುಂಗಿಬಿಡುತ್ತಿದ್ದರು.

ಟೇಲರ್ ಮುಖ ಊದಿಸಿದ. ಅರವತ್ತು ದಾಟಿದ ಗಂಡಸು, ಕಾಫಿ ಲೋಟ ದೂರ ತಳ್ಳಿ, ಕಿಟಕಿಯ ಕಡೆ ತಿರುಗಿ ಕೂತ. "ಹಿಡಿಸ್ಲಿಲ್ಲ ಅಂದ್ರೆ ಹಿಡಿಸ್ಲಿಲ್ಲ ಅಂತ ಹೇಳು. ಸುಳ್ಳು ಯಾಕೆ? ಬಣ್ಣ ಚೆನ್ನಾಗಿಲ್ವಾ?"

"ಹಾಗಲ್ವೋ..."

"ಬಟನ್ನಾ?"

"ನಿನ್ನ ತಲೆ. ತಾಳು, ಹಾಕ್ಕೊಂಡು ಬರ್ತೀನಿ."

ಹಾಕಿಕೊಂಡು ಬಂದಳು. ಭುಜ ಎರಡೂ ಕಡೆ ಇಳಿಬಿದ್ದಿತ್ತು. ತೋಳಿನ ಒಳಗೆ ಕೈಬೆರಳು ಎಲ್ಲಿದೆಯೋ ಹುಡುಕಬೇಕಿತ್ತು. ಬೆನ್ನಲ್ಲಿ ಇನ್ನೊಂದು ಕೋಟಿಗಾಗುವಷ್ಟು ಬಟ್ಟೆ ಮಿಕ್ಕಿತ್ತು.

"ಮಾವ, ಇದರೊಳಗೆ ಅಮ್ಮನ ಜೊತೆ ನಾನೂ ಹೋಗ್ಬಹುದು" ಎಂದಳು ಅಕ್ಕನ ಮಗಳು.

"ಸಡಿಲ ಇದ್ರೆ ಒಳ್ಳೇದೇ. ಒಳಗೆ ಸ್ವೆಟರ್ ಹಾಕ್ಕೋತೀನಿ" ಎಂದಳು ಅಕ್ಕ. ಹೊರಗೆ ಜನ ಬಿಸಿಲಿಗೆ ಟೋಪಿ ಹಾಕಿಕೊಂಡು ಓಡಾಡುತ್ತಿದ್ದರು.

ಈಗ ಟೇಲರ್ ಆದವನು ಏನು ಹೇಳಬೇಕು? "ತಪ್ಪಾಗಿದೆ" ಎನ್ನಬೇಕು. ಈ ಬೆಪ್ಪು ಹೇಳಿದ್ದೇನು ಗೊತ್ತೆ? "ಇದು ಸಮುದ್ರದ ಗಾಳಿ. ಬಟ್ಟೆ ಹಿಗ್ಗಿದೆ." ಹೆಂಡತಿ ಅವನ ಗಿಡ್ಡ ಪ್ಯಾಂಟಿನ ಕಡೆ ನೋಡಿ, "ಇದು ಮಾತ್ರ ಯಾಕ್ರಿ ಹಿಗ್ಗಿಲ್ಲ?" ಎಂದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನ ಸಿಟ್ಟು ನೆತ್ತಿಗೇರಿತು.

"ನಗಿ, ನಗಿ. ಒಂದು ಗಂಟೆಗೆ ಯಾರು ನಗ್ತಾರೆ ನೋಡೋಣ. ಹೋಗಿ ಕೇಕು ತನ್ನಿ ಎಲ್ಲರೂ. ಅಕ್ಕ, ಎರಡೂ ಕೋಟು ಇಲ್ಲಿ ಕೊಡು."

ಅಕ್ಕನನ್ನು ಬಿಟ್ಟು ಉಳಿದವರು ಹೊರಟುಹೋದ ಮೇಲೆ ಮೇಜಿನ ಮೇಲೆ ಕಂದು ಕೋಟು ಹಾಸಿದ, ಅದರ ಮೇಲೆ ನೀಲಿ ಹಾಸಿದ. ನೀಲಿಯದು ಸುತ್ತಲೂ ಹೊರಗೆ ಚಾಚಿಕೊಂಡಿತ್ತು. ಅವನಿಗೆ ತಲೆಬುಡ ತಿಳಿಯಲಿಲ್ಲ. ಹೇಗೆ ಸಾಧ್ಯ? ಎರಡೂ ಒಂದೇ ರಟ್ಟಿನಿಂದ ಕತ್ತರಿಸಿದ್ದು!

ಹೌದು, ರಟ್ಟು. ಇದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಹದಿನೆಂಟು ವರ್ಷದ ಹಿಂದೆ ಒಂದೇ ಒಂದು ಸಲ ಅಕ್ಕನನ್ನು ಕಣ್ಣಳತೆಯಲ್ಲಿ ನೋಡಿ, ಬಟ್ಟೆ ಕತ್ತರಿಸಲು ರಟ್ಟಿನ ಪ್ಯಾಟರ್ನ್ ಮಾಡಿ, ಅಂಗಡಿಯ ಮೊಳೆಗೆ ನೇತುಹಾಕಿದ್ದ. ಆಮೇಲಿನ ಎಲ್ಲ ಕೋಟೂ ಅದರದೇ. ಕಣ್ಣಲ್ಲಿ ಬರೆದುಕೊಳ್ಳುವುದೆಲ್ಲ ಬರೀ ಬೊಗಳೆ.

ಕಂದು ಕೋಟಿನ ಲೈನಿಂಗನ್ನು ಅಂಚಿನಲ್ಲಿ ಬಿಚ್ಚಿದ. ಒಳಗೆ ಎರಡೂ ಪಕ್ಕೆಯ ಹೊಲಿಗೆಯನ್ನು ಯಾರೋ ಒಳಕ್ಕೆ ಹಿಡಿದು ಬಿಗಿ ಮಾಡಿದ್ದರು. ಭುಜದಲ್ಲೂ, ತೋಳಿನಲ್ಲೂ ಹಾಗೇ. ಮೆಷಿನ್ ಹೊಲಿಗೆಯಲ್ಲ, ಕೈಹೊಲಿಗೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ನಾಲ್ಕು ಮುಂದೆ, ಒಂದು ಹಿಂದೆ. ನಾಲ್ಕು ಮುಂದೆ, ಒಂದು ಹಿಂದೆ.

ಅವನು ಕುರ್ಚಿಯಲ್ಲಿ ಕೂತುಬಿಟ್ಟ. ಭೂಮಿ ಬಾಯಿಬಿಟ್ಟರೆ ಒಳಗೆ ಹೋಗಿಬಿಡುತ್ತಿದ್ದೆ ಎಂದು ಈಗಲೂ ಹೇಳುತ್ತಾನೆ.

"ಎಷ್ಟು ವರ್ಷದಿಂದ, ಅಕ್ಕ?"

ಅಕ್ಕ ಒಲೆಯ ಹತ್ತಿರ ನಿಂತು ಸುಮ್ಮನೆ ಸ್ಪೂನು ಒರೆಸುತ್ತಿದ್ದಳು. "ಆರೋ ಏಳೋ ಆಯ್ತು. ವಯಸ್ಸಾದ್ಮೇಲೆ ಮೈ ಇಳಿಯುತ್ತಪ್ಪ. ವರ್ಷಕ್ಕಿಷ್ಟು ಅಂತ ಒಳಗೆ ಹಿಡೀತಾ ಬಂದೆ."

"ನನಗ್ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ಗ್ಲಾಸು ಎತ್ತಿದಾಗ ಎದ್ದು ನಿಂತ್ಕೋತೀಯಲ್ಲ, ಆಗ ನಿನ್ನ ಮುಖ ನೋಡ್ಬೇಕು. ಚಿಕ್ಕೋನಿದ್ದಾಗ ಮೊದಲನೇ ಸಲ ಬಟನ್ ಹೊಲಿದು ತೋರಿಸೋಕೆ ಬಂದಿದ್ಯಲ್ಲ, ಅದೇ ಮುಖ. ಅದನ್ನ ನಾನ್ಯಾಕೆ ಹಾಳು ಮಾಡ್ಲಿ?"

"ಮತ್ತೆ ಈ ವರ್ಷ?"

ಅವಳು ಸ್ಪೂನು ಕೆಳಗಿಟ್ಟಳು. "ಈ ವರ್ಷ ಸೂಜಿಗೆ ದಾರ ಪೋಣಿಸೋಕೆ ಆಗ್ಲಿಲ್ಲ ಕಣೋ. ಮೂರು ದಿನ ಕೂತೆ. ಕಣ್ಣು ಕಾಣ್ಸಲ್ಲ. ಮಗಳನ್ನ ಕೇಳಿದ್ರೆ ಊರಿಗೆಲ್ಲ ಗೊತ್ತಾಗುತ್ತೆ. ನಿಮ್ಮ ಭಾವಂಗೆ ಹೇಳಿದ್ರೆ ಲಿಸ್ಟಲ್ಲಿ ಬರೀತಾರೆ."

ಅವನಿಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಯಾವುದನ್ನು ತಡೆಯಬೇಕೋ ತಿಳಿಯದೆ ಎರಡನ್ನೂ ಬಿಟ್ಟ. "ಅಕ್ಕ, ಕಣ್ಣಳತೆ ಅನ್ನೋದೆಲ್ಲ ಸುಳ್ಳು. ಹಳೇ ರಟ್ಟು ಇಟ್ಕೊಂಡು ಕತ್ತರಿಸ್ತಿದ್ದೆ. ಹದಿನೆಂಟು ವರ್ಷ ನಿನ್ನನ್ನ ನಾನು ನೋಡೇ ಇಲ್ಲ."

"ನೋಡಿಲ್ವಾ? ಮತ್ತೆ ಮೊನ್ನೆ ಸ್ಟೇಷನ್ನಲ್ಲಿ ಕೈ ಬೀಸಿದ್ದು ಯಾರಿಗೆ?" ಎಂದು ಅಕ್ಕ ಮೇಜಿನ ಮೇಲಿದ್ದ ಕಂದು ಕೋಟಿನ ತುದಿಯಿಂದಲೇ ಅವನ ಮೂಗು ಒರೆಸಲು ಬಂದಳು. "ಏಳು. ಹನ್ನೊಂದು ಗಂಟೆ ಆಗ್ತಾ ಬಂತು. ಅತ್ತಿದ್ದು ಸಾಕು."

ಅವನು ಕೊರಳಿನಿಂದ ಟೇಪು ತೆಗೆದ. ಇಪ್ಪತ್ತು ವರ್ಷ ಮಡಚದೆ ಬಿಚ್ಚದೆ ಇದ್ದ ಟೇಪು ಕೊರಳಿನ ಆಕಾರಕ್ಕೇ ಬಾಗಿಹೋಗಿತ್ತು. ಅಕ್ಕ ಕೈ ಚಾಚಿ ನಿಂತಳು. ಭುಜ ಅಳೆದ. ಮೂಳೆ ಬೆರಳಿಗೆ ತಾಗಿತು. ಈ ಭುಜದ ಮೇಲೆ ತಾನು ನಿದ್ದೆ ಮಾಡಿದವನು ಎನ್ನುವುದು ನೆನಪಾಗಿ ಅವನ ಕೈ ನಿಂತಿತು. ಮತ್ತೊಂದು ಸಲ ಅಳೆದು ಅಂಕಿಯನ್ನು ಗಟ್ಟಿಯಾಗಿ ಓದಿದ.

"ಮೆತ್ತಗೆ ಹೇಳೋ. ನನಗೂ ಮಾನ ಮರ್ಯಾದೆ ಇದೆ" ಎಂದಳು ಅಕ್ಕ.

ಅವನು ಮಿಕ್ಕ ಬಟ್ಟೆ ಕತ್ತರಿಸಿ ಕೈಯಲ್ಲೇ ಹೊಲಿದು ಮುಗಿಸಿದ ಮೇಲೆ, ಒಂದೂ ಕಾಲಿಗೆ ಊಟಕ್ಕೆ ಕೂತರು. ಹದಿನೈದು ನಿಮಿಷ ಲೇಟಾದದ್ದಕ್ಕೆ ಭಾವ ಆಗಲೇ ಎರಡು ಸಲ ಸೀಟಿ ಊದಿದ್ದರು. ಅಕ್ಕ ನೀಲಿ ಕೋಟಿನಲ್ಲಿ ಬಂದಳು. ಭುಜ ಭುಜಕ್ಕೆ, ತೋಳು ಮಣಿಕಟ್ಟಿಗೆ. ಭಾವ ಗ್ಲಾಸು ಎತ್ತಿ, "ಟೇಪು ಮುಟ್ಟದ..." ಎನ್ನುವಷ್ಟರಲ್ಲಿ ಟೇಲರ್ ಎದ್ದು ನಿಂತ.

"ಭಾವ, ತಾಳಿ. ಮುಟ್ಟಿದೀನಿ. ಎರಡೆರಡು ಸಲ ಮುಟ್ಟಿದೀನಿ. ಈ ಆರೇಳು ವರ್ಷದ ಕೋಟೆಲ್ಲ ಸರಿ ಮಾಡಿ ಹಾಕ್ಕೊಂಡಿದ್ದು ಅಕ್ಕನೇ. ನಾನು ಬರೀ ಬಟ್ಟೆ ಹಾಳು ಮಾಡೋನು." ರಟ್ಟಿನ ಕಥೆಯನ್ನೂ ಒಂದನ್ನೂ ಬಿಡದೆ ಹೇಳಿದ. ಹೆಂಡತಿ ಮೊದಲ ಸಲ ಏನೂ ಚುಚ್ಚಿ ಆಡಲಿಲ್ಲ.

"ಭಾಷಣ ಆಯ್ತಲ್ಲ, ಕೂತ್ಕೋ. ಸೂಪು ಆರ್ತಿದೆ" ಎಂದಳು ಅಕ್ಕ.

ಭಾವ ಎತ್ತಿದ ಗ್ಲಾಸನ್ನು ಏನು ಮಾಡುವುದೆಂದು ತಿಳಿಯದೆ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು, ಅಕ್ಕನ ಕಡೆ ತಿರುಗಿಸಿ ಕುಡಿದರು. ಆ ವರ್ಷದ ಫೋಟೊದಲ್ಲಿ ಟೇಲರ್‌ನ ಕಣ್ಣು ಮೂಗು ಎಲ್ಲ ಕೆಂಪಗಿದೆ. ಅಂಗಡಿಯ ಕನ್ನಡಿಯ ಪಕ್ಕದಲ್ಲಿ ಅವನು ತಗುಲಿಸಿರುವುದು ಅದನ್ನೇ.

ರಜೆ ಮುಗಿದ ದಿನ ಸ್ಟೇಷನ್ನಿನಲ್ಲಿ ಭಾವ ಲಿಸ್ಟು ಹಿಡಿದು ಪೆಟ್ಟಿಗೆ ಎಣಿಸುತ್ತಿದ್ದಾಗ, ಟೇಲರ್ ಒಂದು ಪೊಟ್ಟಣ ತಂದು ಅಕ್ಕನ ಕೈಗಿಟ್ಟ. ಒಳಗೆ ಮುಷ್ಟಿಯಷ್ಟು ದೊಡ್ಡ ಬಟ್ಟೆಯ ದಿಂಬು. ನೀಲಿ ಬಟ್ಟೆಯಲ್ಲಿ ಮಿಕ್ಕಿದ್ದ ತುಂಡಿನಲ್ಲೇ ಹೊಲಿದದ್ದು. ಅದರ ತುಂಬ ಸೂಜಿ. ಒಂದೊಂದು ಸೂಜಿಗೂ ಒಂದೊಂದು ಮೊಳ ದಾರ ಪೋಣಿಸಿ, ತುದಿಗೆ ಗಂಟು ಹಾಕಿ, ಸಿಕ್ಕಾಗದಂತೆ ಸುತ್ತಿಟ್ಟಿದ್ದ.

ಅಕ್ಕನ ಕಣ್ಣಿಗೆ ಸರಿಯಾಗಿ ಕಾಣಲಿಲ್ಲ. ಬೆರಳಾಡಿಸಿ ಒಂದೊಂದಾಗಿ ಎಣಿಸಿದಳು. ಬಹಳ ಹೊತ್ತು ಹಿಡಿಯಿತು.

"ನಲವತ್ತಾ? ಮುಂದಿನ ವರ್ಷ ಅಷ್ಟೊಂದು ತಪ್ಪು ಮಾಡ್ತೀಯೇನೋ?"

"ಸಾಲದೇ ಬಂದ್ರೆ ಫೋನ್ ಮಾಡಕ್ಕ" ಎಂದ ಟೇಲರ್. "ಇನ್ನಷ್ಟು ಪೋಣಿಸಿ ಕಳಿಸ್ತೀನಿ."